ಪೈಪ್ ಗ್ಯಾಸ್‌ನಿಂದ ಸಿಲಿಂಡರ್‌ಗೆ ಬಂದ ಮೇಲೆ ಓವನ್ ಉರಿ ಹಳದಿ, ಟ್ರೇ ತಳವೆಲ್ಲ ಮಸಿ

ಬೆಣ್ಣೆಬಿಸ್ಕತ್ತು:
ಬೆಂಗಳೂರಿನ ಫ್ಲಾಟಿನಲ್ಲಿ ಪೈಪ್ ಗ್ಯಾಸ್ ಇತ್ತು. ಈಗ ಹಾಸನಕ್ಕೆ ಬಂದಿದ್ದೇವೆ, ನಮ್ಮ ಬೀದಿಗೆ ಪೈಪ್ ಇಲ್ಲ, ಸಿಲಿಂಡರೇ ಗತಿ. ನಮ್ಮದು ಮೇಲೆ ನಾಲ್ಕು ಒಲೆ, ಕೆಳಗೆ ಓವನ್ ಇರೋ ಕುಕಿಂಗ್ ರೇಂಜ್. ಮೆಕ್ಯಾನಿಕ್ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡೋ ಸಣ್ಣ ತೂತಿನ ಬಿಡಿಭಾಗ) ಬದಲಾಯಿಸಿ ಹೋದರು, ಮೇಲಿನ ಒಲೆ ಚೆನ್ನಾಗಿವೆ. ಓವನ್ ಮಾತ್ರ ಹಳದಿಯಾಗಿ ಉರಿಯುತ್ತದೆ, ಉರಿ ಸಣ್ಣದಿಟ್ಟರೂ ನಾನ್‌ಕಟಾಯಿ ತಳ ಕರಕಲು, ಮೇಲೆ ಹಸಿ. ಹೊತ್ತಿಸಿ ನಾಬ್ ಬಿಟ್ಟರೆ ಒಮ್ಮೊಮ್ಮೆ ಆರಿಯೂ ಹೋಗುತ್ತದೆ. ನಾಬ್ ತೆಗೆದರೆ ಒಳಗೆ ಒಂದು ಸ್ಕ್ರೂ ಕಾಣಿಸುತ್ತದಲ್ಲ, ಅದನ್ನು ನಾನೇ ತಿರುಗಿಸಬಹುದಾ?

ಸ್ಪ್ಯಾನರ್‌ಮಾಮ:
ಮೇಡಂ, ಸ್ಕ್ರೂ ಮುಟ್ಟಬೇಡಿ. ಅದು ಸಣ್ಣ ಉರಿಗೆ ಮಾತ್ರ. ಅವರು ಮೇಲಿನ ನಾಲ್ಕು ಜೆಟ್ ಬದಲಾಯಿಸಿ ಓವನ್ನಿನದ್ದು ಬಿಟ್ಟಿರಬೇಕು ಅನ್ನೋದು ನನ್ನ ಅನುಮಾನ. ಓವನ್ ಬರ್ನರ್ ತಳದ ತಗಡಿನ ಕೆಳಗಿರುತ್ತದೆ, ಬಿಚ್ಚೋಕೆ ಬೇಜಾರು ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಪೈಪ್ ಗ್ಯಾಸ್ ಮನೆಗೆ ಸುಮಾರು 21 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಸಿಲಿಂಡರ್ ರೆಗ್ಯುಲೇಟರ್ ಕೊಡೋದು 30ರ ಹತ್ತಿರ, ಮೇಲಾಗಿ ಅಷ್ಟೇ ಅಳತೆಯ ಎಲ್‌ಪಿಜಿಯಲ್ಲಿ ಶಾಖ ಎರಡು ಪಟ್ಟಿಗಿಂತ ಜಾಸ್ತಿ, ಹಾಗಾಗಿ ಪೈಪ್ ಗ್ಯಾಸಿನ ದೊಡ್ಡ ತೂತಿನ ಜೆಟ್ ಹಾಗೇ ಉಳಿದರೆ ಗ್ಯಾಸ್ ವಿಪರೀತ ನುಗ್ಗುತ್ತದೆ, ಅದಕ್ಕೆ ಬೇಕಾದಷ್ಟು ಗಾಳಿ ಸಿಗೋದಿಲ್ಲ, ಮಸಿ ಬರುತ್ತದೆ. ಮಸಿ ಬರುವಲ್ಲಿ ಕಾರ್ಬನ್ ಮೊನಾಕ್ಸೈಡೂ ಬರಬಹುದು, ಅದಕ್ಕೆ ವಾಸನೆಯೇ ಇಲ್ಲ. ಸರಿಮಾಡಿಸೋ ತನಕ ಓವನ್ ಹಚ್ಚಲೇಬೇಡಿ.

ಕಾಫಿತೋಟ:
ಇಷ್ಟೆಲ್ಲ ಯಾಕೆ? ಬರ್ನರ್ ಬುಡದಲ್ಲಿ ಗಾಳಿ ಕಿಂಡಿ ಇರುತ್ತದೆ, ಸ್ವಲ್ಪ ಅಗಲ ಮಾಡಿದರೆ ನೀಲಿ ಆಗುತ್ತದೆ.

ಸ್ಪ್ಯಾನರ್‌ಮಾಮ:
ಜೆಟ್ ಸರಿ ಇದ್ದು ಉರಿ ತುದಿ ಮಾತ್ರ ಹಳದಿ ಇದ್ದರೆ ನೀವು ಹೇಳಿದ್ದು ಸರಿ ಸರ್. ಇಲ್ಲಿ ಬಣ್ಣ ಸ್ವಲ್ಪ ಸುಧಾರಿಸಬಹುದು, ಗ್ಯಾಸ್ ಅಷ್ಟೇ ಬರುತ್ತಿರುತ್ತದಲ್ಲ! ತಳ ಸೀಯೋದು ನಿಲ್ಲಲ್ಲ. ಮೊದಲು ಜೆಟ್, ಆಮೇಲೆ ಕಿಂಡಿ, ಕೊನೆಗೆ ಆ ಸ್ಕ್ರೂ. ಕೆಲಸ ಮುಗಿದ ಮೇಲೆ ಬಿಚ್ಚಿದ ಜಾಗಕ್ಕೆಲ್ಲ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಎದ್ದರೆ ಅವರನ್ನು ಕಳಿಸಬೇಡಿ. ಬೆಂಕಿಕಡ್ಡಿ ಹಿಡಿದು ನೋಡೋರನ್ನು ಒಳಗೇ ಬಿಡಬೇಡಿ.

ಮಂಗಳೂರುಬೇಕರ್:
ನಾಬ್ ಬಿಟ್ಟರೆ ಆರುವ ವಿಷಯ ಬೇರೆ, ಅಕ್ಕಾ. ಉರಿಯ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಬಿಸಿ ಇದ್ದರೆ ಮಾತ್ರ ಗ್ಯಾಸ್ ಬಿಡುತ್ತದೆ. ಜೆಟ್ ಸರಿಮಾಡಿಸಿದ ಮೇಲೆ ಹಚ್ಚುವಾಗ, ಹೊತ್ತಿದ ಮೇಲೂ ನಾಬ್ ಒತ್ತಿಕೊಂಡೇ ಹತ್ತು ಹದಿನೈದು ಸೆಕೆಂಡ್ ಇರಿ. ಆಗಲೂ ಆರಿದರೆ ಕಡ್ಡಿಗೆ ಮಸಿ ಹಿಡಿದಿರಬಹುದು, ಅದೇ ಮೆಕ್ಯಾನಿಕ್ ಹತ್ತಿರ ಒರೆಸಿಸಿ. ನಾಬ್‌ಗೆ ಟೇಪ್ ಹಾಕಿ ಒತ್ತಿಡೋದು, ಕಡ್ಡಿ ಕಿತ್ತು ನೇರ ಮಾಡಿಸೋದು ಬೇಡವೇ ಬೇಡ. ಹೊತ್ತಿಸುವಾಗ ಮೊದಲು ಬಾಗಿಲು ತೆರೆಯಿರಿ, ಆಮೇಲೆ ಗ್ಯಾಸ್. ಹೊತ್ತದಿದ್ದರೆ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಒಂದೆರಡು ನಿಮಿಷ ಬಿಟ್ಟು ನೋಡಿ.

ಬೆಣ್ಣೆಬಿಸ್ಕತ್ತು:
ಥ್ಯಾಂಕ್ಸ್. ವಾಸನೆ ಬಂದರೆ ಕಿಟಕಿ ತೆರೆದರೆ ಸಾಕಲ್ವಾ? ಫ್ಲಾಟಿನಲ್ಲಿ ಹಾಗೇ ಹೇಳಿದ್ದರು.

ಸ್ಪ್ಯಾನರ್‌ಮಾಮ:
ಅದು ಪೈಪ್ ಗ್ಯಾಸ್, ಗಾಳಿಗಿಂತ ಹಗುರ, ಮೇಲೇರುತ್ತದೆ. ಎಲ್‌ಪಿಜಿ ಭಾರ, ನೆಲದಲ್ಲೇ ಹರಡುತ್ತದೆ. ಕಿಟಕಿ ಜೊತೆ ಹೊರಗಿನ ಬಾಗಿಲೂ ತೆರೆಯಿರಿ. ಲೈಟು, ಎಕ್ಸಾಸ್ಟ್ ಫ್ಯಾನ್ ಯಾವ ಸ್ವಿಚ್ಚೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಆಫ್ ಮಾಡಿ ಹೊರಗೆ ಬಂದು ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಮತ್ತೆ ಸುರಕ್ಷಾ ಟ್ಯೂಬ್, ಅಂದರೆ ರೆಗ್ಯುಲೇಟರ್‌ನಿಂದ ಒಲೆಗೆ ಹೋಗೋ ರಬ್ಬರ್ ಪೈಪ್, ಓವನ್ ಬೆನ್ನಿಗೆ ತಾಗುವ ಹಾಗೆ ಹೋಗಿದೆಯಾ ನೋಡಿ, ಕುಕಿಂಗ್ ರೇಂಜ್ ಇಟ್ಟವರು ಮರೆಯೋದು ಇದನ್ನೇ.

ಮಂಗಳೂರುಬೇಕರ್:
ಜೆಟ್ ಆದ ಮೇಲೆ ಒಂದು ಓವನ್ ಥರ್ಮಾಮೀಟರ್ ಮಧ್ಯದ ಜಾಲರಿ ಮೇಲಿಟ್ಟು, ನಾಬ್ 180ರಲ್ಲಿ ಇಟ್ಟು, ಅರ್ಧ ಗಂಟೆ ಬಿಟ್ಟು ನೋಡಿ. 200 ತೋರಿಸಿದರೆ ಬಿಚ್ಚಿಸೋದೇನೂ ಬೇಡ, ಇನ್ಮೇಲೆ 160ಕ್ಕೆ ಇಟ್ಟುಕೊಳ್ಳಿ.