ಪದ ಬೇಕು: ಲಂಚ ತಿಂದ ಊರಿನ ಸಂಸತ್ ಸ್ಥಾನ ಕಿತ್ತುಕೊಳ್ಳುವ ಕಾಯಿದೆ

ಬಳಗದವರಿಗೆ ನಮಸ್ಕಾರ. ಬ್ರಿಟಿಷ್ ಸಂಸತ್ತಿನ ಚರಿತ್ರೆಯ ಅನುವಾದವೊಂದು ನಾಳೆ ಅಚ್ಚಿಗೆ ಹೋಗಬೇಕು. 'ಡಿಸ್‌ಫ್ರಾಂಚೈಸ್‌ಮೆಂಟ್ ಆಕ್ಟ್' ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ದುಡ್ಡಿಗೆ ಮತ ಮಾರಿಕೊಂಡ ತಪ್ಪಿಗೆ ಊರಿನ ಸ್ಥಾನವನ್ನೇ ತೆಗೆದುಹಾಕುವ ಕಾಯಿದೆ ಇದು. 1821ರ ಕಾಯಿದೆಯಿಂದ ಕಾರ್ನ್‌ವಾಲ್‌ನ ಗ್ರ್ಯಾಂಪೌಂಡ್ ಎರಡು ಸ್ಥಾನ ಕಳೆದುಕೊಂಡಿತು. ಅವು ಯಾರ್ಕ್‌ಷೈರ್‌ಗೆ ಹೋದವು. ಆಮೇಲೆ 1844ರಲ್ಲಿ ಸಡ್ಬರಿ, 1852ರಲ್ಲಿ ಸೇಂಟ್ ಆಲ್ಬನ್ಸ್, 1870ರಲ್ಲಿ ಬೆವರ್ಲಿ. 'ಮತಹಕ್ಕು ಚ್ಯುತಿ' ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

—

ನಡೆಯುವುದಿಲ್ಲ. ಹೋದದ್ದು ಊರಿನ ಸ್ಥಾನ. 'ಪ್ರಾತಿನಿಧ್ಯ ರದ್ದತಿ' ಸಾಕು.

—

ಸಾಲದು. 1832ರ ಸುಧಾರಣಾ ಕಾಯಿದೆಯಲ್ಲಿ ಓಲ್ಡ್ ಸೇರಮ್ ಎಂಬ ಕ್ಷೇತ್ರ ಕೂಡ ರದ್ದಾಯಿತು, ಅಲ್ಲಿ ಜನವಸತಿಯೇ ಇರಲಿಲ್ಲವೆಂದು. ಸಡ್ಬರಿಯದು ಶಿಕ್ಷೆ. ಮೇಲಾಗಿ 'ರದ್ದು' ಎಂದೊಡನೆ ನಮ್ಮ ಓದುಗರಿಗೆ ತಮಿಳುನಾಡಿನ ವೆಲ್ಲೂರು ಕ್ಷೇತ್ರದ 2019ರ ಲೋಕಸಭಾ ಚುನಾವಣೆ ನೆನಪಾಗುತ್ತದೆ: ಹಣ ಸಿಕ್ಕಿತೆಂದು ಚುನಾವಣೆ ರದ್ದಾಯಿತು, ಆಗಸ್ಟ್‌ನಲ್ಲಿ ಮತ್ತೆ ನಡೆಯಿತು, ಸ್ಥಾನ ಇದ್ದಲ್ಲೇ ಇತ್ತು.

'ಭ್ರಷ್ಟ' ಹುಟ್ಟಿದ 'ಭ್ರಂಶ್' (ಜಾರಿ ಬೀಳು) ಧಾತುವನ್ನು ನೋಡಿ. ರಾಜ್ಯಭ್ರಷ್ಟ, ಪದಭ್ರಷ್ಟ ಎಂದರೆ ಇದ್ದದ್ದನ್ನು ಕಳೆದುಕೊಂಡವನು. ಬರಿಯ ಭ್ರಷ್ಟ ಎಂದರೆ ಇಂದು ಲಂಚಕೋರ. 'ಸ್ಥಾನಭ್ರಂಶ ಕಾಯಿದೆ' ಎಂದರೆ ಅಪರಾಧವೂ ಶಿಕ್ಷೆಯೂ ಒಂದೇ ಧಾತುವಿನೊಳಗೆ ಕೂರುತ್ತವೆ. ಇಂಗ್ಲಿಷಿಗೆ ಈ ಭಾಗ್ಯವಿಲ್ಲ. (ದಯವಿಟ್ಟು 'ಮತಭ್ರಷ್ಟ' ಎಂದು ಮಾತ್ರ ಬರೆಯಬೇಡಿ, ಸಡ್ಬರಿಯವರು ಮತಾಂತರವಾದರು ಎಂದುಕೊಂಡಾರು.)

—

ಭ್ರಂಶವಂತೆ! ಆಯುರ್ವೇದದ ಗುದಭ್ರಂಶ (ಗುದ ಹೊರಜಾರುವ ರೋಗ) ನೆನಪಾಗುತ್ತದೆ. ಸಂಸ್ಕೃತದ ಮೂಟೆಯನ್ನು ಇನ್ನೆಷ್ಟು ದಿನ ಹೊರುವುದು? ತೆಗೆದುಹಾಕು ಎನ್ನಲು ನಮ್ಮದೇ 'ಕಳೆ' ಇದೆ, ಕಾಯಿದೆಗೆ 'ಕಟ್ಟಳೆ' ಇದೆ. 'ಹಕ್ಕುಗಳೆ ಕಟ್ಟಳೆ' ಎನ್ನಿ, ಅಚ್ಚಗನ್ನಡ.

—

'ಹಕ್ಕು' ಅರಬ್ಬಿ, ಸ್ವಾಮಿ. 'ಹಕ್ಕುಗಳೆ' ಎಂಬುದನ್ನು ಎಲ್ಲರೂ ಬಹುವಚನವೆಂದೇ ಓದುತ್ತಾರೆ.

—

ಅರಬ್ಬಿಯಾದರೇನು, ಜನರ ಬಾಯಲ್ಲಿ ಕನ್ನಡವಾಗಿದೆ.

—

ಹಾಗಿದ್ದರೆ 'ಭ್ರಷ್ಟ' ಯಾರ ಬಾಯಲ್ಲಿ ಇಲ್ಲ? ಅರಬ್ಬಿಗೆ ತೆರೆದ ಬಾಗಿಲು ಸಂಸ್ಕೃತಕ್ಕೆ ಮಾತ್ರ ಮುಚ್ಚುವುದು ಯಾವ ಕಟ್ಟಳೆ? ಇದು ವ್ಯಾಕರಣವಲ್ಲ, ಹಟ.

—

ಪ್ರಶ್ನೆ ಕೇಳಿದವನು ಮತ್ತೆ ಬಂದಿದ್ದೇನೆ. ಮೊದಲ ಸಲ ಬರುವಲ್ಲಿ 'ಸ್ಥಾನ ಕಿತ್ತುಕೊಳ್ಳುವ ಕಾಯಿದೆ' ಎಂದು ಬಿಡಿಸಿ ಬರೆದು, ಮುಂದೆ 'ಸ್ಥಾನಭ್ರಂಶ' ಇಟ್ಟಿದ್ದೇನೆ. ಗುದಭ್ರಂಶದ ಮಾತನ್ನು ಸಂಪಾದಕರಿಗೆ ಹೇಳಿಲ್ಲ. ಇನ್ನೊಂದು: 'ಬರೋ' ಎಂಬುದಕ್ಕೆ 'ಪಟ್ಟಣ ಕ್ಷೇತ್ರ' ಆಗಬಹುದೇ? ರಾತ್ರಿಯೊಳಗೆ ತಿಳಿಸಿದರೆ ಉಪಕಾರ.