ಹಳೇ ಹಾಯಿದೋಣಿ ರಿಪೇರಿ: ಯಾವುದನ್ನು ನಮ್ಮ ಲೇಥ್‌ನಲ್ಲೇ ಮಾಡಬಹುದು, ಯಾವುದನ್ನು ಕೊಳ್ಳಲೇಬೇಕು?

ಗೋಕುಲ ರೋಡ್ ಲೇಥ್, ಹುಬ್ಬಳ್ಳಿ:

ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್. ಎರಡು ಲೇಥ್, ಒಂದು ಮಿಲ್ಲಿಂಗ್, ಒಂದು ಟಿಗ್ ವೆಲ್ಡಿಂಗ್ ಸೆಟ್. ವಾಲ್ವ್ ಸ್ಪಿಂಡಲ್, ಪಂಪ್ ಶಾಫ್ಟ್, ಟ್ರ್ಯಾಕ್ಟರ್ ಬುಷ್, ಇಂಥದ್ದೇ ಜಾಬ್ ವರ್ಕ್. ಹೋದ ವರ್ಷ ಗೋವಾದಲ್ಲಿ ಒಂದು ಹಳೇ ಹಾಯಿದೋಣಿ ಕೊಂಡೆ. 32 ಅಡಿ, ಫೈಬರ್‌ಗ್ಲಾಸ್ ಹಲ್ (ದೋಣಿಯ ಒಡಲು), ಒಂದು ಮಾಸ್ಟ್ (ಹಾಯಿಕಂಬ), ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಉಣಕಲ್ ಕೆರೆಯಲ್ಲಿ ಬಿಡ್ತೀಯೇನೋ ಅಂತ ಗೆಳೆಯರು ನಗುತ್ತಾರೆ. ನಗಲಿ. ಡಿಂಗಿ ಅನ್ನುವ ಸಣ್ಣ ದೋಣಿಯಲ್ಲಿ ಹಾಯಿ ಕಲಿತಿದ್ದೇನೆ, ಬೇರೆಯವರ ದೋಣಿಯಲ್ಲಿ ಕೈಯಾಳಾಗಿ ಮುಂಬೈ–ಗೋವಾ ಓಡಾಡಿದ್ದೇನೆ. ದೋಣಿ ನಡೆಸುವುದು ಗೊತ್ತು, ರಿಪೇರಿ ಹೊಸದು.

ಪ್ಲಾನ್ ಹೀಗಿದೆ. ನಾನು ಮತ್ತು ನನ್ನ ಭಾವಮೈದುನ, ಇಬ್ಬರೇ. ಮೊದಲು ಗೋವಾದಿಂದ ಕೊಚ್ಚಿ, ಸುಮಾರು 350 ನಾಟಿಕಲ್ ಮೈಲಿ. ಅಲ್ಲಿಂದ ಮಾಲ್ಡೀವ್ಸ್‌ನ ಉತ್ತರ ತುದಿಯ ಉಲಿಗಮು. ಎಲ್ಲ ಸರಿ ಹೋದರೆ ಇನ್ನೊಂದು ವರ್ಷ ಸೇಶೆಲ್ಸ್ ಕಡೆ.

ದೋಣಿ ಈಗ ನದಿ ದಂಡೆಯ ಯಾರ್ಡ್‌ನಲ್ಲಿ, ನೆಲದ ಮೇಲೆ ನಿಂತಿದೆ. ಮಳೆಗಾಲಕ್ಕೆ ಅಂತ ಲಾರಿ ತಾಡಪತ್ರಿ ಹೊಲಿಯುವವರ ಹತ್ತಿರ ಇಲ್ಲಿಂದಲೇ ದೊಡ್ಡ ಹೊದಿಕೆ ಹೊಲಿಸಿ ಒಯ್ದು ಹಾಕಿದ್ದೇನೆ. ನೋಡಿದ ಮಟ್ಟಿಗೆ ತೊಂದರೆ ಇಷ್ಟು. ಮಾಸ್ಟ್‌ನ ವೈರ್‌ಗಳು ಕಟ್ಟಿರುವ ಲೋಹದ ಪಟ್ಟಿಗಳು, ಅಂದರೆ ಚೈನ್‌ಪ್ಲೇಟ್‌ಗಳು, ಡೆಕ್ (ದೋಣಿಯ ಮೇಲ್ಹಾಸು) ತೂರಿ ಇಳಿಯುವ ಕಡೆ ಕಂದು ನೀರು ಸುರಿದ ಗುರುತಿದೆ. ವೈರ್‌ಗಳಿಗೆ ಎಷ್ಟು ವಯಸ್ಸಾಗಿದೆಯೋ ಹಳೇ ಮಾಲೀಕರಿಗೂ ಗೊತ್ತಿಲ್ಲ. ಚುಕ್ಕಾಣಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಹಲ್ ತಳದ ಒಂದು ವಾಲ್ವ್ ಕೆರೆದು ನೋಡಿದೆ, ಒಳಗೆ ಹಳದಿ ಬದಲು ಗುಲಾಬಿ ಬಣ್ಣ.

ಇಂಟರ್‌ನೆಟ್‌ನಲ್ಲಿ ಸಿಕ್ಕ ಪಟ್ಟಿಯಲ್ಲಿ ಸಮುದ್ರದ ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರ್, ರೇಡಾರ್, ಉಪ್ಪು ನೀರು ಸಿಹಿ ಮಾಡುವ ಮಷಿನ್ ಎಲ್ಲ ಇವೆ. ನನ್ನ ಹತ್ತಿರ ಅದರ ಅರ್ಧಕ್ಕೂ ದುಡ್ಡಿಲ್ಲ. ಆದರೆ ಮಷಿನ್ ಇದೆ, ಕೈ ಇದೆ. ಯಾವುದನ್ನು ನಾನೇ ಮಾಡಿಕೊಳ್ಳಲಿ, ದುಡ್ಡು ಮೊದಲು ಎಲ್ಲಿ ಸುರಿಯಲಿ?

—

ಸಪ್ತಾಪುರ ಚೀಫ್, ಧಾರವಾಡ:

ತಮ್ಮಾ, ಮರ್ಚೆಂಟ್ ನೇವಿಯಲ್ಲಿ ಇಂಜಿನ್ ರೂಮ್‌ನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಈಗ ಸಪ್ತಾಪುರದಲ್ಲಿ ಕೂತು ಮೊಮ್ಮಗನಿಗೆ ಗಣಿತ ಹೇಳಿಕೊಡ್ತೇನೆ. ಹಾಗಾಗಿ ಬರೆಯಲಿಕ್ಕೆ ಟೈಮಿದೆ, ಉದ್ದ ಆದರೆ ಬೇಜಾರಾಗಬೇಡ.

ರೇಡಾರ್ ಬಿಡು. ನೀರಿನ ಮಷಿನ್ನೂ ಬಿಡು. ಕೊಚ್ಚಿಯಿಂದ ಉಲಿಗಮು ಸುಮಾರು 260 ಮೈಲಿ. ಗಂಟೆಗೆ 4–5 ಮೈಲಿ ಹೋದರೂ ಮೂರು ದಿನದೊಳಗಿನ ಮಾತು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಹಿಡಿ, ಅದರ ನಾಲ್ಕು ಪಟ್ಟು ಒಯ್ಯಿ, ಆಗಲೂ ಟ್ಯಾಂಕ್ ಮತ್ತು ಕೆಲವು ಕ್ಯಾನ್‌ನಲ್ಲಿ ಮುಗಿಯಿತು. ಎಲ್ಲ ನೀರನ್ನೂ ಒಂದೇ ಟ್ಯಾಂಕ್‌ನಲ್ಲಿ ಇಡಬೇಡ, ಅಷ್ಟೇ.

ಮೊದಲ ದುಡ್ಡು ಆ ಗುಲಾಬಿ ವಾಲ್ವ್‌ಗೆ. ಅದು ಹಿತ್ತಾಳೆ. ಉಪ್ಪು ನೀರಿನಲ್ಲಿ ಹಿತ್ತಾಳೆಯ ಸತುವು ಕರಗಿ ಹೋಗುತ್ತದೆ, ಉಳಿಯುವುದು ತೂತು ತೂತಾದ ತಾಮ್ರ. ನೋಡಲಿಕ್ಕೆ ವಾಲ್ವ್ ಹಾಗೇ ಇರುತ್ತದೆ, ಒಂದು ದಿನ ಹಿಡಿಕೆ ತಿರುಗಿಸಿದರೆ ಕೈಗೇ ಬರುತ್ತದೆ. ಒಂದೂವರೆ ಇಂಚಿನ ತೂತು ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗಿದ್ದರೆ ನಿಮಿಷಕ್ಕೆ ನೂರು ಲೀಟರಿಗಿಂತ ಜಾಸ್ತಿ ನೀರು ಒಳಗೆ ಬರುತ್ತದೆ. ಕೈಪಂಪಿನಲ್ಲಿ ಎಷ್ಟು ಹೊತ್ತು ಹೊರಹಾಕ್ತೀಯಾ? ನೀರಿನ ಮಟ್ಟದ ಕೆಳಗಿನ ಎಲ್ಲ ವಾಲ್ವನ್ನೂ ಬಿಚ್ಚು. ಕಂಚಿನ ಸೀಕಾಕ್ (ಹಲ್ ತಳದ ತೂತಿಗೆ ಹಾಕುವ ವಾಲ್ವ್) ಅಥವಾ ದೋಣಿಗಂತಲೇ ಬರುವ ಗ್ಲಾಸ್ ತುಂಬಿದ ನೈಲಾನ್ ಸೀಕಾಕ್ ಹಾಕು. ಪೇಟೆಯ ಪ್ಲಂಬಿಂಗ್ ಅಂಗಡಿಯ ಹಿತ್ತಾಳೆ ಬಾಲ್ ವಾಲ್ವ್ ಎಷ್ಟೇ ಹೊಳೆಯಲಿ, ಮುಟ್ಟಬೇಡ. ಗನ್‌ಮೆಟಲ್ (ಒಂದು ಬಗೆಯ ಕಂಚು) ಎರಕ ಸಿಕ್ಕರೆ ನೀನೇ ಟರ್ನಿಂಗ್ ಮಾಡ್ತೀಯಾ ಅಂತ ಗೊತ್ತು. ಆದರೆ ಎರಕದೊಳಗಿನ ಗುಳ್ಳೆ ಕಣ್ಣಿಗೆ ಕಾಣುವುದಿಲ್ಲ. ಇದನ್ನು ಮಾತ್ರ ಕೊಂಡುಬಿಡು. ಪ್ರತಿ ಸೀಕಾಕ್‌ಗೂ ಅದರ ಅಳತೆಯ ಮೆತ್ತನೆ ಕಟ್ಟಿಗೆಯ ಬೆಣೆ ಹಗ್ಗದಲ್ಲಿ ಕಟ್ಟಿಡು. ಅವನ್ನು ನಿನ್ನ ಲೇಥ್‌ನಲ್ಲಿ ಅರ್ಧ ಗಂಟೆಯಲ್ಲಿ ಮಾಡ್ತೀಯಾ.

ಆಮೇಲೆ ಚುಕ್ಕಾಣಿ. ಇದು ನಿನ್ನ ಕೆಲಸ, ಬೇರೆ ಯಾರಿಗೂ ಕೊಡಬೇಡ. ಚುಕ್ಕಾಣಿ ಪೂರ್ತಿ ಕೆಳಗಿಳಿಸಿ ಶಾಫ್ಟ್ ಅಳೆದು ನೋಡು. ಸವೆದದ್ದು ಬಹುಶಃ ಬುಷ್. ಹೊಸ ಬುಷ್ ನೈಲಾನ್‌ನಲ್ಲಿ ಮಾಡಬೇಡ, ನೈಲಾನ್ ನೀರು ಕುಡಿದು ಉಬ್ಬುತ್ತದೆ. ನೆಲದ ಮೇಲೆ ಬೆಣ್ಣೆಯ ಹಾಗೆ ತಿರುಗಿದ್ದು ನೀರಿಗಿಳಿದ ಮೇಲೆ ಕಚ್ಚಿ ಕೂರುತ್ತದೆ. ಅಸಿಟಾಲ್ ಪ್ಲಾಸ್ಟಿಕ್‌ನ ರಾಡ್ ತಂದು ಮಾಡು, ಸ್ವಲ್ಪ ಸಡಿಲವೇ ಇರಲಿ. ನಮ್ಮ ನೌಕಾಪಡೆಯ ತಾರಿಣಿ ಗೊತ್ತಲ್ವಾ, ಆರು ಜನ ಹೆಣ್ಣುಮಕ್ಕಳು 2017–18ರಲ್ಲಿ ಭೂಮಿ ಸುತ್ತಿ ಬಂದ ದೋಣಿ, ಗೋವಾದಲ್ಲೇ ಕಟ್ಟಿದ್ದು. ಅಂಥ ಅಚ್ಚುಕಟ್ಟಾದ ದೋಣಿಗೂ ಕೊನೆಯ ಹಂತದಲ್ಲಿ, 2018ರ ಏಪ್ರಿಲ್‌ನಲ್ಲಿ, ಸ್ಟಿಯರಿಂಗ್ ಕೈಕೊಟ್ಟಿತು. ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬಂದರು. ಸ್ಟಿಯರಿಂಗ್ ಚಕ್ರ ಕೆಟ್ಟರೆ ನೇರವಾಗಿ ಚುಕ್ಕಾಣಿ ಶಾಫ್ಟ್ ತಲೆಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಉದ್ದ ಹಿಡಿಕೆ, ಎಮರ್ಜೆನ್ಸಿ ಟಿಲ್ಲರ್, ಒಂದು ಮಾಡಿಕೋ. ಮಾಡಿ ಸುಮ್ನೆ ಇಡಬೇಡ, ಅದರಲ್ಲೇ ಒಂದು ದಿನ ದೋಣಿ ನಡೆಸಿ ನೋಡು. ಎಷ್ಟೋ ದೋಣಿಗಳಲ್ಲಿ ಆ ಟಿಲ್ಲರ್ ಸೀಟಿಗೆ ಬಡಿದು ಅರ್ಧವೂ ತಿರುಗುವುದಿಲ್ಲ.

ಚೈನ್‌ಪ್ಲೇಟ್ ಕೂಡ ನೀನು ಮಾಡಬಹುದು, ಆದರೆ ಹುಷಾರು. ಡೆಕ್‌ನೊಳಗೆ ಗಾಳಿ ಆಡದ ಸಂದಿನಲ್ಲಿ ಉಪ್ಪು ನೀರು ನಿಂತರೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ಒಳಗಿಂದೊಳಗೇ ತಿಂದುಹೋಗುತ್ತದೆ. ಆ ಕಂದು ನೀರು ಅದರದ್ದೇ. ಹಳೆಯದನ್ನು ಪಾಲಿಶ್ ಮಾಡಿ ಮತ್ತೆ ಹಾಕುವ ಆಸೆ ಬೇಡ. ಹೊಸದಕ್ಕೆ 316 ಗ್ರೇಡಿನ ಸ್ಟೇನ್‌ಲೆಸ್ ಪ್ಲೇಟೇ ಬೇಕು. ಅದರಲ್ಲಿ 2–3% ಮಾಲಿಬ್ಡಿನಮ್ ಇರುತ್ತದೆ, 304ರಲ್ಲಿ ಇರುವುದಿಲ್ಲ. ಮ್ಯಾಗ್ನೆಟ್ ಹಿಡಿದು ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಟೆಸ್ಟ್ ಸರ್ಟಿಫಿಕೇಟ್ ಕೇಳು, ಇಲ್ಲದಿದ್ದರೆ ಮಾಲಿಬ್ಡಿನಮ್ ತೋರಿಸುವ ಟೆಸ್ಟ್ ದ್ರಾವಣ ಒಂದು ಹನಿ ಹಾಕಿ ನೋಡು. ಮತ್ತೆ, ಟ್ರ್ಯಾಕ್ಟರ್ ಬುಷ್ ಉಜ್ಜಿದ ಗ್ರೈಂಡಿಂಗ್ ವ್ಹೀಲ್‌ನಲ್ಲೇ ಇದನ್ನೂ ಉಜ್ಜಿದರೆ ಕಬ್ಬಿಣದ ಪುಡಿ ಅಂಟಿಕೊಂಡು ತುಕ್ಕು ಅಲ್ಲಿಂದಲೇ ಶುರು. ಹೊಸ ವ್ಹೀಲ್ ತೆಗೆದಿಡು. ವೆಲ್ಡಿಂಗ್ ಬೇಡ, ಒಂದೇ ಪಟ್ಟಿಯಲ್ಲಿ ಕತ್ತರಿಸು. ತೂತಿನ ಅಂಚು ಕನ್ನಡಿಯಂತೆ ಪಾಲಿಶ್ ಆಗಲಿ.

ಡೆಕ್ ಅನ್ನು ಅಲ್ಲೇ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡು. ಟಣ್ ಅನ್ನುವ ಬದಲು ಡಬ್ ಅಂದರೆ ಒಳಗಿನ ಕಟ್ಟಿಗೆ ಪದರ ನೆನೆದು ಕೊಳೆತಿದೆ. ಆಗ ಚೈನ್‌ಪ್ಲೇಟ್‌ಗಿಂತ ಅದೇ ದೊಡ್ಡ ಕೆಲಸ.

ವೈರ್‌ಗಳ ವಯಸ್ಸು ಗೊತ್ತಿಲ್ಲ ಅಂದರೆ ವಯಸ್ಸಾಗಿದೆ ಅಂತಲೇ ಲೆಕ್ಕ. ಎಲ್ಲ ಬದಲಿಸು. ತುದಿಯ ಟರ್ಮಿನಲ್ ಮಷಿನ್‌ನಲ್ಲಿ ಒತ್ತಿಸುವ ಬದಲು ಸ್ಪ್ಯಾನರ್‌ನಲ್ಲಿ ಬಿಗಿಯುವ ಸ್ಟಾ-ಲಾಕ್ ಥರದ್ದು ತಗೋ. ದುಬಾರಿ ಹೌದು, ಆದರೆ ಸಮುದ್ರದ ನಡುವೆ ನೀನೇ ಬಿಚ್ಚಿ ಕಟ್ಟಬಹುದು. ಜೊತೆಗೆ ಅತಿ ಉದ್ದದ ವೈರ್‌ನಷ್ಟು ಒಂದು ತುಂಡು ಸ್ಪೇರ್. ವೈರ್ ಕತ್ತರಿಸುವ ಒಳ್ಳೇ ಕಟರ್ ಕೂಡ ಇರಲಿ. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ದೋಣಿಯ ಮಾಸ್ಟ್ ಮುರಿದು, ಅವರ ಬೆನ್ನಿಗೆ ಪೆಟ್ಟಾದದ್ದು ನೆನಪಿರಬೇಕು. ಮುರಿದ ಮಾಸ್ಟ್ ವೈರ್‌ಗೆ ನೇತಾಡುತ್ತಾ ಹಲ್‌ಗೆ ಗುದ್ದುತ್ತದೆ. ಬೇಗ ಕಡಿದು ಬಿಡಬೇಕು.

ಹಲ್ ತಳದಲ್ಲಿ ಗುಳ್ಳೆ ಎದ್ದಿದ್ದರೆ ಈ ವರ್ಷ ತಲೆ ಕೆಡಿಸಿಕೊಳ್ಳಬೇಡ. ನಾಲ್ಕು ಗುಳ್ಳೆಯಿಂದ ದೋಣಿ ಮುಳುಗುವುದಿಲ್ಲ.

—

ಬೆಟಗೇರಿ ರೊಟ್ಟಿ ಅಕ್ಕ, ಗದಗ:

ಚೀಫ್ ಸಾಹೇಬರು ಕಬ್ಬಿಣದ್ದೆಲ್ಲ ಹೇಳಿದರು, ಊಟದ್ದು ಯಾರೂ ಕೇಳಲಿಲ್ಲ. ನಮ್ಮದು ಕಡಕ್ ರೊಟ್ಟಿ ಮಾಡಿ ಮಾರುವ ಮನೆ. ನಮ್ಮಣ್ಣನ ಮಗ ಹಡಗಿನಲ್ಲಿದ್ದಾನೆ, ಪ್ರತಿ ಸಲ ನಮ್ಮ ರೊಟ್ಟಿಯನ್ನೇ ಒಯ್ಯುತ್ತಾನೆ.

ಮೊದಲ ಎರಡು ದಿನ ಹೊಟ್ಟೆ ತೊಳಸಿ ಯಾರೂ ಒಲೆ ಮುಂದೆ ನಿಲ್ಲುವುದಿಲ್ಲ ಅಂತ ಅವನೇ ಹೇಳ್ತಾನೆ. ಆವಾಗ ಬೇಕಾದದ್ದು ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಬೇಯಿಸುವ ಕೆಲಸವೇ ಇಲ್ಲ. ಹಿಟ್ಟಿಗೆ ಉಪ್ಪು ಹಾಕಬಾರದು, ಉಪ್ಪು ಗಾಳಿಯ ತೇವ ಎಳೆಯುತ್ತದೆ. ಪೂರ್ತಿ ಆರಿದ ಮೇಲೆ ಹತ್ತತ್ತು ರೊಟ್ಟಿ ಒಂದು ಕವರಿಗೆ ಹಾಕಿ ಸೀಲ್ ಮಾಡಿಸಿ, ಆಮೇಲೆ ಸ್ಟೀಲ್ ಡಬ್ಬಿ. ಒಂದೇ ದೊಡ್ಡ ಕವರ್ ಮಾಡಿದರೆ ಮೊದಲ ದಿನ ಒಡೆದದ್ದಕ್ಕೆ ಎಲ್ಲವೂ ಮೆತ್ತಗಾಗುತ್ತವೆ. ಅಗಸಿ ಹಿಂಡಿ ರುಚಿ ಹೌದು, ಆದರೆ ಬೇಗ ಕಮಟು ವಾಸನೆ ಬರುತ್ತದೆ. ಗುರೆಳ್ಳು, ಶೇಂಗಾ ಸಾಕು, ಅವನ್ನೂ ಸಣ್ಣ ಸಣ್ಣ ಪಾಕೀಟಿನಲ್ಲಿ. ಬ್ಯಾಡಗಿ ಮೆಣಸಿನಕಾಯಿ ಪುಡಿ ಒಯ್ಯಿರಿ, ಬಣ್ಣ ಕಂಡರೆ ಊಟ ಸೇರುತ್ತದೆ. ಹಸಿ ಈರುಳ್ಳಿಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಬೇಡಿ, ಬಲೆಯಲ್ಲಿ ತೂಗು ಹಾಕಿ.

—

ಹ್ಯಾಮ್ ರೇಡಿಯೊ ಹಾವೇರಿ:

ಚೀಫ್ ಸರ್ ಕ್ರಮಕ್ಕೆ ನನ್ನದೊಂದು ತಕರಾರು. ರೇಡಾರ್ ಬೇಡ, ಒಪ್ಪಿದೆ. ಆದರೆ ಎಐಎಸ್ (ಹಡಗುಗಳು ತಾವಿರುವ ಜಾಗವನ್ನು ರೇಡಿಯೊದಲ್ಲಿ ಒಂದಕ್ಕೊಂದು ತಿಳಿಸುವ ಸಾಧನ) ಮತ್ತು ಇಪರ್ಬ್ ಎರಡನ್ನೂ ವೈರ್‌ಗಳ ಜೊತೆಗೇ ಲೆಕ್ಕ ಹಾಕಿ, ಕೊನೆಗೆ ದುಡ್ಡು ಉಳಿದರೆ ಅಂತ ಅಲ್ಲ. ಇಬ್ಬರೇ ಹೋಗುವಾಗ ರಾತ್ರಿ ಒಬ್ಬರು ಮಲಗಿರುತ್ತಾರೆ. ದೊಡ್ಡ ಹಡಗಿಗೆ ನೀವು ಕಾಣಬೇಕು. ಸಣ್ಣ ಮೀನುದೋಣಿಗಳಲ್ಲಿ ಎಐಎಸ್ ಇರುವುದಿಲ್ಲ, ಅವಕ್ಕೆ ಕಣ್ಣೇ ಗತಿ, ಬಲೆಗೂ ಅಷ್ಟೇ.

ಇಪರ್ಬ್ ಅಂದರೆ 406 ಮೆಗಾಹರ್ಟ್ಸ್‌ನಲ್ಲಿ ಸ್ಯಾಟಲೈಟ್‌ಗೆ ಅಪಾಯದ ಸಂಕೇತ ಕಳಿಸುವ ಬೀಕನ್. ನಮ್ಮ ದೇಶದ ಸಂಕೇತಗಳು ಬಂದು ಸೇರುವುದು ಬೆಂಗಳೂರಿನ ಇಸ್ರೋ ಇಸ್ಟ್ರಾಕ್ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. ಹೊರದೇಶದಿಂದ ಯಾರೋ ತಂದ ಹಳೇ ಬೀಕನ್ ಅಗ್ಗಕ್ಕೆ ಸಿಗುತ್ತೆ ಅಂತ ತಗೋಬೇಡಿ. ಅದರಲ್ಲಿ ಆ ದೇಶದ ಕೋಡ್ ಇರುತ್ತದೆ. ಭಾರತದ್ದು 419. ನಿಮ್ಮ ದೋಣಿ, ಮನೆಯವರ ಫೋನ್ ನಂಬರ್ ಎಲ್ಲ ರಿಜಿಸ್ಟರ್ ಆಗಿರಬೇಕು, ಇಲ್ಲದಿದ್ದರೆ ಸಂಕೇತ ಯಾರದು ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಇನ್ನೊಂದು. ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೆಸೇಜ್ ಕಳಿಸುವ ಸಣ್ಣ ಡಿವೈಸ್ ಯಾರಾದರೂ ವಿದೇಶಿ ಗೆಳೆಯ ಕೊಟ್ಟರೆ ಕೈ ಮುಗಿದು ವಾಪಸ್ ಕೊಡಿ. ಲೈಸೆನ್ಸ್ ಇಲ್ಲದೆ ಇಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಗೋವಾದಲ್ಲಿ ಪ್ರವಾಸಿಗರು ಸಿಕ್ಕಿಬಿದ್ದದ್ದಿದೆ.

—

ಗೋಕುಲ ರೋಡ್ ಲೇಥ್:

ಎಲ್ಲರಿಗೂ ಥ್ಯಾಂಕ್ಸ್ ರೀ. ಅಕ್ಕಾ, ರೊಟ್ಟಿ ಆರ್ಡರ್ ಬರುತ್ತದೆ. ರೇಡಾರ್ ಹೆಸರು ಪಟ್ಟಿಯಿಂದ ಹೊಡೆದು ಹಾಕಿದೆ, ಆ ದುಡ್ಡಿನಲ್ಲಿ ಸೀಕಾಕ್ ಮತ್ತು ಇಪರ್ಬ್. ಚೀಫ್ ಕಾಕಾ, ಎರಡು ಮಾತು. ದೀಪಾವಳಿ ಮುಗಿದ ಕೂಡಲೇ ಹೊರಟರೆ ಹೇಗೆ? ಮತ್ತೆ ದೋಣಿಯಲ್ಲಿ ಹಳೇ ಗ್ಯಾಸ್ ಒಲೆ ಇದೆ, ಸಿಲಿಂಡರ್ ಸೀಟಿನ ಕೆಳಗೆ. ಹಾಗೇ ಬಿಡಬಹುದಾ?

—

ಸಪ್ತಾಪುರ ಚೀಫ್:

ದೀಪಾವಳಿಗೆ ನೀರಿಗಿಳಿಸು, ಹೊರಡಬೇಡ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತದ ಕಾಲ ಎರಡು, ಮುಂಗಾರಿನ ಮೊದಲು ಮತ್ತು ಆಮೇಲೆ. ತೌಕ್ತೆ ಬಂದದ್ದು 2021ರ ಮೇನಲ್ಲಿ, ಓಖಿ 2017ರ ನವೆಂಬರ್ ಕೊನೆಗೆ. ನವೆಂಬರ್, ಡಿಸೆಂಬರ್ ಪೂರ್ತಿ ಗೋವಾದ ಮುಂದೆಯೇ ಹಾಯಿ ಏರಿಸಿ ಇಳಿಸಿ ನೋಡು, ರಾತ್ರಿಯೂ ಹೋಗು. ಒಡೆಯುವುದೆಲ್ಲ ಅಲ್ಲೇ ಒಡೆಯಲಿ, ಹುಬ್ಬಳ್ಳಿಗೆ ಒಯ್ದು ಮಾಡಿಕೊಂಡು ಬರಬಹುದು. ಜನವರಿಯಲ್ಲಿ ಈಶಾನ್ಯದ ಗಾಳಿ ಬೆನ್ನಿಗೆ ಸಿಗುತ್ತದೆ, ಆಗ ಹೊರಡು. ಮಾರ್ಚ್ ಕೊನೆಗೆ ಎಲ್ಲಿರಬೇಕು ಅಂತ ಈಗಲೇ ನಿರ್ಧರಿಸು.

ಸಿಲಿಂಡರ್ ಇವತ್ತೇ ಹೊರಗಿಡು. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಹೋದೀತು, ದೋಣಿಯಲ್ಲಿ ತಳಕ್ಕಿಳಿದು ಅಲ್ಲೇ ಕೂರುತ್ತದೆ, ಇಂಜಿನ್ ಸ್ಟಾರ್ಟ್ ಮಾಡಿದಾಗ ಒಂದು ಕಿಡಿ ಸಾಕು. ಡೆಕ್ ಮೇಲೆ, ಕೆಳಗೆ ತೂತಿದ್ದು ಆ ತೂತು ದೋಣಿಯ ಹೊರಕ್ಕೇ ತೆರೆಯುವ ಪೆಟ್ಟಿಗೆ ಮಾಡಿ ಅದರಲ್ಲಿಡು. ಆ ಪೆಟ್ಟಿಗೆಯನ್ನೂ ನೀನೇ ಮಾಡಬಹುದು. ಅದಕ್ಕೂ 316.