ಮುನ್ಸಿಪಾಲ್ಟಿ ಹಳೇ ಕಟ್ಟಡದ ಗೋಡೆ ಉದುರ್ತಿದೆ, ಕೆಡವೋದೊಂದೇ ದಾರೀನಾ?

ತುಂಗೆ ದಂಡೆ:
ನಮ್ದು ಶಿವಮೊಗ್ಗ ಜಿಲ್ಲೇಲಿ ಒಂದು ಸಣ್ಣ ಊರು. ಮುನ್ಸಿಪಾಲ್ಟಿ ಹಳೇ ಕಟ್ಟಡದ ಬಾಗಿಲ ಮೇಲೆ ಗಾರೇಲೇ 1934 ಅಂತ ಬರ್ದಿದಾರೆ. ಅಜ್ಜ ಕಂದಾಯ ಕಟ್ಟಕ್ಕೆ ಹೋಗ್ವಾಗ ನನ್ನೂ ಕರ್ಕೊಂಡು ಹೋಗೋರು, ಆ ಜಗಲಿ ಕಲ್ಲು ಬೇಸಿಗೇಲೂ ತಣ್ಣಗಿರೋದು. ಮೂರ್ನಾಲ್ಕು ವರ್ಷದ ಹಿಂದೆ ರಿಪೇರಿ ಅಂತ ಹೊರಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಹೊಡ್ಸಿದ್ರು, ಈಗ ನೋಡಿದ್ರೆ ಸೊಂಟದೆತ್ತರಕ್ಕೆ ತೇವ, ಬಿಳೀ ಉಪ್ಪು, ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು, ಈ ಮಳೆಗಾಲದಲ್ಲಿ ದೊಡ್ಡ ಚಕ್ಕೆ ಒಂದು ಬಿದ್ದೇ ಹೋಯ್ತು. ಈಗ ಕೆಡವಿ ಕಾಂಪ್ಲೆಕ್ಸ್ ಕಟ್ಟೋ ಮಾತು ನಡೀತಿದೆ. ನಿಜವಾಗ್ಲೂ ಉಳಿಯಲ್ವಾ? ಗೊತ್ತಿರೋರು ಹೇಳಿ.

ಗಾರೆ ಕೆಲಸದವ:
ಕಟ್ಟಡ ಕೆಟ್ಟಿಲ್ಲ ಸರ್, ಸಿಮೆಂಟ್ ಕೆಡಿಸಿದೆ. ಸುಣ್ಣದ ಗಾರೆ ಗೋಡೆ ಮಳೇಲಿ ನೀರು ಕುಡೀತದೆ, ಬಿಸಿಲು ಬಂದಾಗ ಬಿಡ್ತದೆ, ಮೇಲೆ ಸಿಮೆಂಟ್ ಬಳಿದ್ರೆ ಆ ನೀರಿಗೆ ಹೊರಗೆ ಬರೋ ದಾರಿನೇ ಇರಲ್ಲ, ನಮ್ಮ ಮಳೆಗಂತೂ ಕೇಳೋದೇ ಬೇಡ. ಅದನ್ನ ಹುಷಾರಾಗಿ ಕಿತ್ತು ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಕ್ಕೆ ಬಿಡಿ, ಆಮೇಲೆ ಸುಣ್ಣ ಮರಳಲ್ಲೇ ಗಾರೆ ಮಾಡ್ಸಿ. ಸುಣ್ಣ ವಾರಗಟ್ಟಲೆ ನೆನೀಬೇಕು, ಅವಸರ ಮಾಡಿದ್ರೆ ಗುಳ್ಳೆ ಏಳ್ತದೆ. ಎಲ್ಲಕ್ಕಿಂತ ಮೊದ್ಲು ಛಾವಣಿ ನೋಡಿ. ಹೆಂಚು ಒಡೆದು ಪಕಾಸಿಗೆ, ಅಂದ್ರೆ ಹೆಂಚು ಹೊರೋ ಮರಕ್ಕೆ, ಒರಲೆ ಹಿಡ್ದಿದ್ರೆ ಗೋಡೆಗೆ ಏನ್ ಮಾಡಿದ್ರೂ ದಂಡ.

ಹಳೇ ಕಾಗದ:
1934 ಅಂದ್ರೆ ಸುಮ್ನೆ ಅಲ್ಲ. 1929ರಲ್ಲಿ ಅಮೆರಿಕದ ಷೇರುಪೇಟೆ ಬಿದ್ದಿದ್ದು ಇಲ್ಲೀವರೆಗೂ ತಟ್ಟಿತ್ತು, ಬೆಳೆಗೆ ಬೆಲೆ ಇರ್ಲಿಲ್ಲ. ಮಿರ್ಜಾ ಇಸ್ಮಾಯಿಲ್ ಮೈಸೂರು ದಿವಾನ್ರಾಗಿದ್ದ ಕಾಲ, ಭದ್ರಾವತಿ ಕಾಗದದ ಕಾರ್ಖಾನೆ, ಶಿವಮೊಗ್ಗದ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಎಲ್ಲಾ ಆ ದಶಕದಲ್ಲೇ ಹುಟ್ಟಿದ್ದು. ಅಮೆರಿಕದಲ್ಲಿ 1935ರಿಂದ ಡಬ್ಲ್ಯುಪಿಎ ಅನ್ನೋ ಯೋಜನೇಲಿ ಕೆಲಸ ಇಲ್ದೋರಿಗೆ ಕೂಲಿ ಕೊಟ್ಟು ಸಣ್ಣ ಸಣ್ಣ ಊರಲ್ಲೂ ಟೌನ್ ಹಾಲ್ ಕಟ್ಟಿಸಿದ್ರು, ಎಷ್ಟೋ ಇವತ್ತಿಗೂ ಬಳಕೇಲಿವೆ. ನಮ್ಮಲ್ಲಿ ತೊಂದ್ರೆ ಏನಂದ್ರೆ 1958ರ ಕೇಂದ್ರದ ಸ್ಮಾರಕ ಕಾಯ್ದೇಲಿ ರಕ್ಷಣೆ ಸಿಗಕ್ಕೆ ಕಟ್ಟಡಕ್ಕೆ ನೂರು ವರ್ಷ ತುಂಬಿರ್ಬೇಕು, ನಿಮ್ದಕ್ಕೆ ಇನ್ನೂ ತುಂಬಿಲ್ಲ. ಹಂಗಾಗಿ ಊರೋರೇ ಕೇಳ್ಬೇಕು. ಕಟ್ಟಡ ಯಾರು ಪರೀಕ್ಷೆ ಮಾಡಿದ್ರು, ವರದಿ ಎಲ್ಲಿದೆ ಅಂತ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ರ ಕೊಡ್ಲೇಬೇಕು.

ತುಂಗೆ ದಂಡೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಇವತ್ತು ಹೋಗಿ ಚಕ್ಕೆ ಬಿದ್ದ ಜಾಗ ನೋಡ್ದೆ, ಸಿಮೆಂಟ್ ಹಿಂದೆ ಗೋಡೆ ಒದ್ದೆ ಬಟ್ಟೆ ಥರ ಇತ್ತು, ಆದ್ರೆ ಸಿಮೆಂಟ್ ಮುಟ್ಟದ ಹಿಂಬದಿ ಗೋಡೆ ಪೂರ್ತಿ ಒಣಗಿದೆ, ಉಗುರಲ್ಲಿ ಕೆರೆದ್ರೂ ಪುಡಿ ಬರಲ್ಲ. ಎರಡರದ್ದೂ ಫೋಟೋ ತೆಗ್ದಿದೀನಿ, ಸೋಮವಾರ ಅರ್ಜಿ ಜೊತೆ ಕೊಡ್ತೀನಿ.